ಅಡುಗೆಮನೆ ಕಿಟಕಿ: ಖಾರಾ ಬನ್ನಿನ ನೆಂಟ ಸ್ಕೋನ್

ಹಬ್ಬದ ಸಂಚಿಕೆಯಲ್ಲಿ ಹೋಳಿಗೆ, ಕಜ್ಜಾಯ ಬಿಟ್ಟು ಇದೇನು ಸ್ಕೋನ್ ಎಂದು ಹುಬ್ಬೇರಿಸಬೇಡಿ. ಕಾರಣವಿದೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಮೊದಲ ಸಲ ಒಬ್ಬರೇ ಫ್ರೀಮಾಂಟಿನ ನಮ್ಮ ಮನೆಗೆ ಬಂದಿದ್ದರು. ಬೆಂಗಳೂರಿನಲ್ಲಿ ಸಂಜೆ ನಾಲ್ಕಕ್ಕೆ ಚಪ್ಪಲಿ ಮೆಟ್ಟಿ ಹೊರಟರೆ ಅಯ್ಯಂಗಾರ್ ಬೇಕರಿಯ ಖಾರಾ ಬನ್ ಹಿಡಿದೇ ಮನೆಗೆ ಬರುತ್ತಿದ್ದವರು. ಇಲ್ಲಿ ಹೊರಟರೆ ಬೀದಿಯ ಎರಡೂ ಕಡೆ ಮುಚ್ಚಿದ ಗ್ಯಾರೇಜ್ ಬಾಗಿಲುಗಳು. "ಇಲ್ಲಿ ಬೇಕರಿ ಇಲ್ವೇನಮ್ಮ?" ಎಂದು ಕೇಳಿ ಸುಮ್ಮನಾದರು.

ಸ್ಯಾನ್ ಫ್ರಾನ್ಸಿಸ್ಕೋದ ಹೆಸರಾಂತ ಸೋರ್‌ಡೋ ಬ್ರೆಡ್ ಅವರಿಗೆ ಬರೀ ಹುಳಿ. ಖಾರಾ ಬನ್ ನಾನೇ ಮಾಡೋಣವೆಂದರೆ ಚಳಿಗೆ ಈಸ್ಟ್ ಉಬ್ಬಲಿಲ್ಲ. ಕಾಫಿ ಅಂಗಡಿಯಲ್ಲಿ ಕೊಡಿಸಿದ ಸ್ಕೋನ್ ನೋಡಿ ಮಾತ್ರ, "ಇದು ಬನ್ನೂ ಅಲ್ಲ, ಬಿಸ್ಕತ್ತೂ ಅಲ್ಲ. ಸಿಹಿ ತೆಗೆದು ಖಾರ ಹಾಕಿದ್ರೆ ನಡೆಯುತ್ತೆ" ಎಂದರು. ಅಲ್ಲಿಂದ ಶುರುವಾಯಿತು.

ಸ್ಕೋನ್ ಮೊದಲು ಹೆಂಚಿನ ಮೇಲೆ ಬೇಯುತ್ತಿದ್ದ ಸ್ಕಾಟ್ಲೆಂಡಿನ ತಿಂಡಿ. ಇಂದು ಅದನ್ನು ಉಬ್ಬಿಸುವ ಬೇಕಿಂಗ್ ಪೌಡರ್‌ಗೂ ಒಂದು ಮನೆಯ ಕಥೆಯಿದೆ. ಈಸ್ಟ್ ಒಗ್ಗದ ಹೆಂಡತಿಗಾಗಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1843ರಲ್ಲಿ ಅದನ್ನು ತಯಾರಿಸಿದ. ಹಾಸನದ ಕಡೆಯ ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನಲ್ಲಿ ಬೇಕರಿ ತೆರೆದರು. ಆ ಅಯ್ಯಂಗಾರ್ ಬೇಕರಿಗಳ ಪರಂಪರೆ ಬೆಳೆದದ್ದು ಮೊಟ್ಟೆಯಿಲ್ಲದ ತಿಂಡಿಗಳಿಂದ. ಈಸ್ಟೂ ಮೊಟ್ಟೆಯೂ ಬೇಡದ ನಮ್ಮ ಸ್ಕೋನ್ ಇಬ್ಬರಿಗೂ ನೆಂಟ.

ಎರಡು ಕಪ್ ಆಲ್ ಪರ್ಪಸ್ ಹಿಟ್ಟಿಗೆ ಎರಡು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಮುಕ್ಕಾಲು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ ಬೆರೆಸಿ. ಮುಕ್ಕಾಲು ಸ್ಟಿಕ್, ಅಂದರೆ ಸುಮಾರು 85 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಚೂರು ಮಾಡಿ ಹಾಕಿ, ಬೆರಳ ತುದಿಯಲ್ಲಿ ಉಜ್ಜಿ. ಕೋಡುಬಳೆ ಹಿಟ್ಟಿನಷ್ಟು ಒಂದಾಗಬಾರದು. ಕಡಲೆಬೇಳೆ ಗಾತ್ರದ ಚೂರುಗಳು ಉಳಿಯಬೇಕು. ಓವನ್‌ನಲ್ಲಿ ಆ ಬೆಣ್ಣೆ ಕರಗಿ, ಅದರ ನೀರಿನಂಶ ಆವಿಯಾಗಿ ಪದರ ಬಿಡಿಸುತ್ತದೆ.

ಹೆಚ್ಚಿದ ಹಸಿಮೆಣಸಿನಕಾಯಿ ನಾಲ್ಕು, ಕರಿಬೇವು, ಕೊತ್ತಂಬರಿ ಸೊಪ್ಪು, ಶುಂಠಿ, ಜೀರಿಗೆ ಸೇರಿಸಿ. ಮುಕ್ಕಾಲು ಕಪ್ ಅಂಗಡಿಯ ಗಟ್ಟಿ ಬಟರ್‌ಮಿಲ್ಕ್ ಹಾಕಿ ಕೂಡಿಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಗಟ್ಟಿಯಾಗುತ್ತದೆ. ಒಂದಂಗುಲ ದಪ್ಪಕ್ಕೆ ತಟ್ಟಿ, ಎಂಟು ತ್ರಿಕೋನ ಕತ್ತರಿಸಿ, 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಮೊದಲೇ ಕಾದ ಓವನ್‌ನಲ್ಲಿ ಕೆಂಪಗಾಗುವವರೆಗೆ ಸುಮಾರು 20 ನಿಮಿಷ ಬೇಯಿಸಿ.

ನನ್ನ ಕೈ ಬಿಸಿ. ಮೊದಲೆರಡು ಸಲ ಬೆಣ್ಣೆ ಕರಗಿ ಸ್ಕೋನ್ ಚಪ್ಪಟೆಯಾಯಿತು. ಅಪ್ಪನದು ಬಂದಾಗಿನಿಂದ ಒಂದೇ ದೂರು, "ಕೈ ಮಂಜುಗಡ್ಡೆ ಆಗಿದೆ ಕಣಮ್ಮ" ಎಂದು. ಮೂರನೆಯ ಸಲ ಬಟ್ಟಲನ್ನು ಅವರ ಮುಂದಿಟ್ಟೆ. ಅಮ್ಮ ಇದ್ದಷ್ಟು ದಿನ ಒಲೆಯ ಹತ್ತಿರ ಸುಳಿಯದವರು, ಸ್ವೆಟರ್ ತೋಳು ಮಡಚಿ ಕುಳಿತು ನಿಧಾನವಾಗಿ ಉಜ್ಜಿದರು. ಅಂದು ಸ್ಕೋನ್ ಪದರ ಪದರವಾಗಿ ಎದ್ದಿತು.

"ಖಾರಾ ಬನ್ ಅಲ್ಲ" ಎನ್ನುತ್ತಲೇ ಎರಡನೆಯದಕ್ಕೆ ಕೈ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ, "ಕೋಡುಬಳೆ ಮಾಡುವಾಗ ನಿಮ್ಮಮ್ಮ ರಟ್ಟೆ ನೋವು ಅಂತಿದ್ಲು. ಒಂದು ದಿನವೂ ಹಿಟ್ಟು ಉಜ್ಜಿಕೊಡಲಿಲ್ಲ ನೋಡು" ಎಂದರು. ನಾನು ಕಾಫಿ ಬಗ್ಗಿಸುವ ನೆಪದಲ್ಲಿ ಎದ್ದೆ.

ಆರು ತಿಂಗಳು ಮುಗಿಸಿ ಊರಿಗೆ ಹೊರಡುವವರೆಗೂ ಭಾನುವಾರದ ಬೆಣ್ಣೆ ಕೆಲಸ ಅವರದೇ ಆಯಿತು. ನಿಮ್ಮ ಮನೆಗೂ ಹಿರಿಯರು ಬಂದಿದ್ದರೆ ಟೀವಿ ಮುಂದೆ ಕೂರಿಸಿಬಿಡಬೇಡಿ; ಒಂದು ಬಟ್ಟಲು ಹಿಟ್ಟು ಮುಂದಿಡಿ. ಸ್ಕೋನ್ ಹೇಗೆ ಬಂತೆಂದು ಮುಂದಿನ ಹಬ್ಬದ ಊಟದ ಸಾಲಿನಲ್ಲಿ ಸಿಕ್ಕಾಗ ಹೇಳಿ.