ವೆಜಲೇಯ ಬಾಗಿಲಲ್ಲಿ ನಾಯಿಮೊಗದವರು

ಬರ್ಗಂಡಿಯ ಬೆಟ್ಟದ ಮೇಲಿರುವ ವೆಜಲೇಯ ಮೇರಿ ಮಗ್ದಲೇನ ಚರ್ಚಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೆಳಕಿನಿಂದ ಆರಂಭಿಸುತ್ತಾರೆ. ಜೂನ್ ತಿಂಗಳ ಅತಿ ದೀರ್ಘ ಹಗಲಿನ ನಡುಮಧ್ಯಾಹ್ನ ಎತ್ತರದ ಕಿಟಕಿಗಳ ಬಿಸಿಲು ನೆಲದ ನಟ್ಟನಡುವೆ ಹೆಜ್ಜೆಗಳ ಸಾಲಿನಂತೆ ಬೀಳುತ್ತದೆ. ಎರಡು ಬಣ್ಣದ ಕಲ್ಲಿನ ಅರ್ಧವೃತ್ತ ಕಮಾನುಗಳು ಆ ಸಾಲಿನ ಮೇಲೆ ಒಂದರ ಹಿಂದೊಂದು ಬಾಗಿವೆ. ಸುಂದರ, ನಿಜ. ಆದರೆ ಈ ಬೆಳಕಿನ ವರ್ಣನೆ ಮುಗಿಯುವಷ್ಟರಲ್ಲಿ ಕಟ್ಟಡದ ಖರ್ಚನ್ನು ತೆತ್ತವರು ಯಾರೆಂಬ ಪ್ರಶ್ನೆ ಜಾರಿಹೋಗಿರುತ್ತದೆ.

ತೆತ್ತವರು ಊರಿನವರು. ಅವರು ಮೌನವಾಗಿ ತೆರಲಿಲ್ಲ. 1106ರಲ್ಲಿ ಮಠಾಧಿಪತಿ ಆರ್ತೋನನ್ನು ಊರಿನವರೇ ಕೊಂದರು. 1152ರಲ್ಲಿ ವ್ಯಾಪಾರಿಗಳೂ ಕುಶಲಕರ್ಮಿಗಳೂ ಮಠದ ಒಡೆತನವನ್ನು ಧಿಕ್ಕರಿಸಿ ತಮ್ಮದೇ ಕಮ್ಯೂನ್ ಕಟ್ಟಿಕೊಂಡರು. 1155ರ ಹೊತ್ತಿಗೆ ದೊರೆ ಏಳನೆಯ ಲೂಯಿ ಮಠದ ಪರ ನಿಂತು ಅದನ್ನು ಮುರಿದ. ಈ ಕಥೆಯನ್ನು ಬರೆದಿಟ್ಟವನು ಮಠದ ಸನ್ಯಾಸಿಯಾಗಿದ್ದ ಪ್ವಾತಿಯೇಯ ಹ್ಯೂಗ್. ಆದ್ದರಿಂದ ಬಂಡೆದ್ದವರು ಅದರಲ್ಲಿ ದ್ರೋಹಿಗಳು. ಒಳಗಿನ ಕಂಬವೊಂದರ ಬೋದಿಗೆಯಲ್ಲಿ ಮೋಶೆ ಗಿರಣಿಗೆ ಕಾಳು ಸುರಿಯುತ್ತಾನೆ, ಪೌಲ ಹಿಟ್ಟು ತುಂಬಿಕೊಳ್ಳುತ್ತಾನೆ. ಹಳೆಯ ಧರ್ಮ ಹೊಸದಾಗುವ ರೂಪಕವಂತೆ! ಒಡೆಯನ ಗಿರಣಿಯಲ್ಲೇ ಬೀಸಿಸಿ ಅದಕ್ಕೂ ಸುಂಕ ತೆರಬೇಕಿದ್ದ ಕಾಲದ ರೈತನಿಗೆ ಆ ಶಿಲ್ಪದಲ್ಲಿ ಬೇರೇನೂ ಕಾಣುತ್ತಿರಲಿಲ್ಲವೆಂದು ನಂಬುವುದು ಕಷ್ಟ.

ಯುರೋಪಿನ ಬಲಪಂಥಕ್ಕೆ ಇಂಥ ಚರ್ಚುಗಳು 'ಕ್ರೈಸ್ತ ಬೇರು'ಗಳ ಸಾಕ್ಷಿ. ಆ ಬೇರು ಎಂಥದು? 1146ರ ಮಾರ್ಚ್ 31ರಂದು ಕ್ಲೇರ್ವೋದ ಬರ್ನಾರ್ಡ್ ಎರಡನೆಯ ಧರ್ಮಯುದ್ಧಕ್ಕೆ ಕರೆಕೊಟ್ಟದ್ದು ಇದೇ ಬೆಟ್ಟದಲ್ಲಿ. ಆ ಉನ್ಮಾದದಲ್ಲಿ ರೈನ್ ತೀರದ ಯಹೂದಿಗಳ ಮೇಲೆ ದಾಳಿಗಳಾದವು. ಅವನ್ನು ತಡೆಯಲು ಬರ್ನಾರ್ಡನೇ ಅಲ್ಲಿಗೆ ಹೋಗಬೇಕಾಯಿತೆಂಬುದನ್ನೂ ಹೇಳಬೇಕು. 1148ರಲ್ಲಿ ದಂಡು ಡಮಾಸ್ಕಸ್ಸಿನೆದುರು ಸೋತು ಮರಳಿತು. ಇನ್ನು 'ಅವಿಚ್ಛಿನ್ನ ಪರಂಪರೆ'ಯ ಮಾತು: 1840ರಲ್ಲಿ ಕುಸಿಯುವಂತಿದ್ದ ಈ ಚರ್ಚನ್ನು ಉಳಿಸಿದ್ದು ಪ್ರಾಸ್ಪೆರ್ ಮೆರಿಮೆಯ ಒತ್ತಾಯ ಮತ್ತು ಇಪ್ಪತ್ತಾರರ ಹರೆಯದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್‌ನ ದುಡಿಮೆ. ಸವೆದ ಎಷ್ಟೋ ಬೋದಿಗೆಗಳ ಜಾಗದಲ್ಲಿ ಇಂದು ಇರುವುದು ನಕಲು. ಹೊರಮುಖದ ಬಾಗಿಲ ಮೇಲಿನ ಶಿಲ್ಪವೂ ಹತ್ತೊಂಬತ್ತನೆಯ ಶತಮಾನದ್ದು. 1979ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಮಧ್ಯಯುಗದಲ್ಲಿ ಆಧುನಿಕ ಸರ್ಕಾರದ ಪಾಲೂ ದೊಡ್ಡದು.

ಒಳಬಾಗಿಲಿನ ಮೇಲಿನ ಶಿಲ್ಪ ಮಾತ್ರ ಹನ್ನೆರಡನೆಯ ಶತಮಾನದ್ದೇ. ನಡುವೆ ಕ್ರಿಸ್ತ, ಅವನ ಬೆರಳುಗಳಿಂದ ಶಿಷ್ಯರತ್ತ ಹರಿಯುವ ಕಿರಣಗಳು. ಸುತ್ತಲೂ, ಕೆಳಗೂ ಸುವಾರ್ತೆ ಇನ್ನೂ ತಲುಪದ ಜನ: ನಾಯಿಮೊಗದವರು, ಏಣಿ ಹಾಕಿ ಕುದುರೆಯೇರುವ ಕುಬ್ಜರು, ಮೈಮುಚ್ಚುವಷ್ಟು ದೊಡ್ಡ ಕಿವಿಯವರು. ಉಳಿಯ ಕೆಲಸ ಅದ್ಭುತ. ಇಷ್ಟು ಜೀವಂತವಾದ ಅವಹೇಳನ ಇನ್ನೆಲ್ಲೂ ಸಿಗುವುದು ಅಪರೂಪ. ಕ್ಟೀಸಿಯಸ್ ನಾಯಿಮೊಗದವರನ್ನು ಇಂಡಿಯಾದ ಬೆಟ್ಟಗಳಲ್ಲಿ ಇರಿಸಿದ್ದ. ಕಿವಿಯನ್ನೇ ಹಾಸಿ ಮಲಗುವವರ ಕಥೆಯನ್ನು ಮೆಗಸ್ತನೀಸ್ ಇಂಡಿಯಾದಿಂದಲೇ ಒಯ್ದಿದ್ದ.

ಇದನ್ನು ಕಂಡು ಪಶ್ಚಿಮದ ದುರಹಂಕಾರವೆಂದು ಕೆರಳುವ ಭಾರತೀಯ ಪ್ರವಾಸಿಗೆ ಒಂದು ಕಿರಿಕಿರಿಯ ಸಂಗತಿ ಕಾದಿದೆ. ಮಹಾಭಾರತದ ಸಭಾಪರ್ವದಲ್ಲಿ ಸಹದೇವ ದಕ್ಷಿಣ ದಿಗ್ವಿಜಯದಲ್ಲಿ ಗೆಲ್ಲುವ ಜನರ ಪಟ್ಟಿಯಲ್ಲಿ 'ಕರ್ಣಪ್ರಾವರಣ'ರೂ ಇದ್ದಾರೆ. ಕಿವಿಯನ್ನೇ ಹೊದ್ದವರು ಎಂದು ಆ ಹೆಸರಿನ ಅರ್ಥ.