ತಾಳಗುಂದದ ಕೆರೆಯ ಕಲ್ಲು

ಮಲೆನಾಡು ಮುಗಿಯುವುದೆಲ್ಲಿ, ಬಯಲುಸೀಮೆ ಮೊದಲಾಗುವುದೆಲ್ಲಿ ಎಂದು ಗೆರೆಯೆಳೆದು ತೋರಿಸುವುದು ಸುಲಭವಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಅಂಥ ಸಂಧಿಯ ನೆಲ. ಪಡುವಣ ಘಟ್ಟದಲ್ಲಿ ಧಾರೆಗಟ್ಟಿ ಸುರಿಯುವ ಮುಂಗಾರು ಇಲ್ಲಿಗೆ ಬರುವ ಹೊತ್ತಿಗೆ ಬಹುಮಟ್ಟಿಗೆ ಬಳಲಿರುತ್ತದೆ. ಮಳೆ ಬಾರದೆಂದಲ್ಲ, ಕೆಲವೇ ತಿಂಗಳಲ್ಲಿ ಬಂದು ಹೋಗಿಬಿಡುತ್ತದೆ. ತಗ್ಗಿದ ಗುಡ್ಡಗಳ ನಡುವಣ ಅಗಲವಾದ ಕಣಿವೆಗಳಿಗೆ ಅಡ್ಡಲಾಗಿ ಏರಿ ಹಾಕಿದರೆ ನೀರು ನಿಲ್ಲುತ್ತದೆ. ಆದುದರಿಂದ ಈ ಸೀಮೆಯ ಬಾಳು ಹಿಂದಿನಿಂದಲೂ ಕೆರೆಗಳ ಬಾಳು. ಬಳ್ಳಿಗಾವೆಯ ನೆರೆಯಲ್ಲಿರುವ ತಾಳಗುಂದ ಇಂಥದೊಂದು ಹಳ್ಳಿ.

ಊರಿನ ಹಳೆಯ ಹೆಸರು ಸ್ಥಾನಕುಂದೂರು. ಇಲ್ಲಿನ ಪ್ರಣವೇಶ್ವರ ದೇವಾಲಯದ ಮುಂದೆ ಎಂಟು ಮುಖಗಳ ಕಲ್ಲುಕಂಬವೊಂದಿದೆ. ಅದರ ಮೇಲಿನ ಅಕ್ಷರಸಾಲುಗಳು ಕಂಬದ ಉದ್ದಕ್ಕೆ ಹರಿದಿವೆ. ಭಾಷೆ ಸಂಸ್ಕೃತ; ಕಾಲ ಐದನೆಯ ಶತಮಾನ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ಕದಂಬರ ಮೂಲವನ್ನು ಕುರಿತು ಬರೆಯುವವರಿಗೆ ಅಂದಿನಿಂದಲೂ ಈ ಕಂಬವೇ ಆಧಾರ.

ಕಂಬ ಹೇಳುವ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಮಯೂರಶರ್ಮನೆಂಬ ಬ್ರಾಹ್ಮಣ ಯುವಕ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವಿದ್ಯಾರ್ಥಿಯಾಗಿ ಹೋದನು. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿದಿದ್ದ ಕೈ ಕತ್ತಿಯನ್ನು ಹಿಡಿಯಿತು. ಶ್ರೀಪರ್ವತದ ಕಾಡುಗಳನ್ನು ಹೊಕ್ಕು, ಬೃಹದ್ಬಾಣರಿಂದ ಕಪ್ಪವನ್ನು ಪಡೆದು, ಕಡೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪುವಂತೆ ಮಾಡಿದನು. ನಾಟಕಕ್ಕೆ ಹೇಳಿಮಾಡಿಸಿದ ವಸ್ತು! ಪಠ್ಯಪುಸ್ತಕಗಳು ಇದನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಕಂಬವನ್ನು ನಿಲ್ಲಿಸಿದ್ದು ಈ ಕಥೆಗಾಗಿ ಅಲ್ಲ, ಒಂದು ಕೆರೆಗಾಗಿ. ಮಯೂರಶರ್ಮನ ಮರಿಮಗ ಕಾಕುಸ್ಥವರ್ಮನು ಇಲ್ಲಿನ ಶಿವಾಲಯಕ್ಕೆಂದು ಕೆರೆಯೊಂದನ್ನು ಕಟ್ಟಿಸಿದನು. ಶಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದ ದೇವರು ಇದೆಂದು ಶಾಸನವೇ ಹೇಳುತ್ತದೆ. ಕೆರೆಯ ವಿಷಯವನ್ನು ಕಲ್ಲಿಗೆ ಏರಿಸಿದವನು ಅವನ ಮಗ ಶಾಂತಿವರ್ಮ. ಕೆರೆ ಕಟ್ಟಿಸಿದವನು ಯಾರೆಂದು ಹೇಳಬೇಕು. ಅವನ ಹಿರಿಯರು ಯಾರೆಂದೂ ಹೇಳಬೇಕು. ಆ ಎಳೆಯನ್ನು ಹಿಡಿದು ಕವಿ ಕಂಚಿಯವರೆಗೆ ಹೋಗಿ ಬಂದನು. ನಾಡಿನ ಒಂದು ರಾಜವಂಶದ ಹುಟ್ಟು ನಮಗೆ ತಿಳಿದದ್ದು ಒಂದು ಕೆರೆಯ ನೆವದಿಂದ. ಚರಿತ್ರೆ ಓದಿದವರಿಗೆ ಕುದುರೆ ಸವಾರ ನೆನಪಿರುತ್ತಾನೆ, ಕೆರೆ ನೆನಪಿರುವುದಿಲ್ಲ. ಬೇಸಗೆಗೆ ನೀರು ಉಳಿಸಿಕೊಳ್ಳಲೇಬೇಕಾದ ಈ ಸೀಮೆಯ ಒಕ್ಕಲಿಗನನ್ನು ಕೇಳಿದ್ದರೆ ಅವನ ಎಣಿಕೆ ಬೇರೆಯಾಗಿರುತ್ತಿತ್ತು.

ಆ ಕವಿಯ ಹೆಸರು ಕುಬ್ಜ. ಕಾವ್ಯವನ್ನು ರಚಿಸಿದುದಲ್ಲದೆ ಕಲ್ಲಿನ ಮೇಲೆ ಅದನ್ನು ತಾನೇ ಬರೆದುದಾಗಿಯೂ ಹೇಳಿಕೊಂಡಿದ್ದಾನೆ. ಅಭಿಮಾನ ಅವನಿಗೆ ಸಲ್ಲತಕ್ಕದ್ದೇ. ಹದಿನೈದು ಶತಮಾನಗಳ ಮೇಲೆಯೂ ಅಕ್ಷರಗಳು ದುಂಡಾಗಿ, ಓರಣವಾಗಿ ನಿಂತಿವೆ.

ಮುಂದೆ ಊರು ದೊಡ್ಡ ಅಗ್ರಹಾರವಾಯಿತು. ಮುಕ್ಕಣ್ಣ ಕದಂಬನು ದೂರದ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ನೆಲೆಗೊಳಿಸಿದನೆಂಬ ಐತಿಹ್ಯವನ್ನು ನಂತರದ ಶಾಸನಗಳು ಹೇಳುತ್ತವೆ. ಅದನ್ನು ಐತಿಹ್ಯವೆಂದೇ ಓದಬೇಕು. ಅದಕ್ಕಿಂತ ನೆಚ್ಚತಕ್ಕದ್ದು ಹನ್ನೆರಡನೆಯ ಶತಮಾನದ ಶಾಸನವೊಂದು. ಅದರಲ್ಲಿ ವೇದ ಕಲಿಸುವವರ ಜೊತೆಯಲ್ಲಿ ಕನ್ನಡ ಅಕ್ಷರ ಕಲಿಸುವವರಿಗೂ ದತ್ತಿಯುಂಟು. ಮಕ್ಕಳ ಊಟದ ಏರ್ಪಾಡನ್ನೂ ಮರೆತಿಲ್ಲ.

೨೦೧೩ರಲ್ಲಿ ಪುರಾತತ್ತ್ವ ಇಲಾಖೆಯವರು ಇದೇ ದೇವಾಲಯದ ಆವರಣದಲ್ಲಿ ಅಗೆದಾಗ ಮೆಟ್ಟಿಲ ಬದಿಯ ಸಿಂಹಕಟಾಂಜನದ ಒಡೆದ ಕಲ್ಲೊಂದು ದೊರೆಯಿತು. ಅದರ ಬರಹದಲ್ಲಿ ಕನ್ನಡವಿದೆ, ಕಾಲ ಕ್ರಿ.ಶ. ೩೭೦ರ ಸುಮಾರು, ಅಂದರೆ ಹಲ್ಮಿಡಿಗಿಂತ ಹಳೆಯದು ಎಂದು ಇಲಾಖೆಯ ಅಭಿಪ್ರಾಯ. ವಿದ್ವಾಂಸರೆಲ್ಲರೂ ಇದನ್ನು ಒಪ್ಪಿಲ್ಲ. ಯಾವ ಊರಿನ ಕಲ್ಲು ಮೊದಲು ಎಂಬ ವಾದಕ್ಕೆ ಈಗ ತಾಳಗುಂದವೂ ಸೇರಿಕೊಂಡಿದೆ. ಕಾಕುಸ್ಥವರ್ಮನ ಕೆರೆಯ ಮಾತನ್ನು ಅಲ್ಲಿಯೂ ಯಾರೂ ಎತ್ತಿಲ್ಲ.