ಪ್ರಮಾಣಪತ್ರವಿದ್ದ ಮಾತ್ರಕ್ಕೆ ಕಾರು ಸುರಕ್ಷಿತವೇ?



ಕೆಲವು ವಾರಗಳ ಹಿಂದೆ ನಮ್ಮ ವಾಟ್ಸಾಪ್ ಬಳಗದಲ್ಲಿ ತಂದೆಯೊಬ್ಬರು ಕೇಳಿದರು: "ಪಾರ್ಕ್ ರಾಯಲ್ ಕಡೆ ಹೆಚ್ಚು ತಕರಾರಿಲ್ಲದೆ ಎಂ.ಒ.ಟಿ. ಪಾಸ್ ಮಾಡಿಕೊಡುವ ಗ್ಯಾರೇಜ್ ಯಾವುದಾದರೂ ಇದೆಯೇ? ಮಗ ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದ್ದಾನೆ." ಯಾರೂ ಆಕ್ಷೇಪಿಸಲಿಲ್ಲ. ಬದಲಿಗೆ ಉಪಾಯವೊಂದು ಬಂದಿತು: "ಪರೀಕ್ಷೆಯ ದಿನ ಬೇರೆ ಸ್ಪ್ರಿಂಗ್ ಹಾಕಿಸಿ, ಮರುದಿನ ಬದಲಾಯಿಸಿದರಾಯಿತು." ಅಂದು ನಾನೂ ಮೌನವಾಗಿದ್ದೆ. ಆ ಮೌನದ ಪ್ರಾಯಶ್ಚಿತ್ತವಾಗಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಇಂತಹ ಕೋರಿಕೆ ನನಗೆ ಹೊಸದಲ್ಲ. ಎಂ.ಬಿ.ಬಿ.ಎಸ್. ಮುಗಿಸಿದ ಹೊಸದರಲ್ಲಿ, ಊರಿನಲ್ಲಿ, ಚಾಲನಾ ಪರವಾನಗಿಗೆಂದು ವೈದ್ಯಕೀಯ ಪ್ರಮಾಣಪತ್ರ ಕೇಳಿಕೊಂಡು ಪರಿಚಿತರು ಬರುತ್ತಿದ್ದರು. "ಡಾಕ್ಟ್ರೇ, ಒಂದು ಸಹಿ ಅಷ್ಟೇ." ಒಮ್ಮೆ ಕಣ್ಣನ್ನು ಪರೀಕ್ಷಿಸದೆಯೇ ಸಹಿ ಹಾಕಿದೆ. ಆ ಮನುಷ್ಯನಿಗೆ ಎದುರಿನಿಂದ ಬರುವ ವಾಹನ ಎಷ್ಟು ದೂರದಿಂದ ಕಾಣುತ್ತಿತ್ತೋ ನಾನರಿಯೆ. ದಾಕ್ಷಿಣ್ಯದಿಂದ ಕೊಟ್ಟ ಪ್ರಮಾಣಪತ್ರದ ಬೆಲೆಯನ್ನು ಕೊಟ್ಟವನೂ ತೆರುವುದಿಲ್ಲ, ಪಡೆದವನೂ ತೆರುವುದಿಲ್ಲ. ರಸ್ತೆ ದಾಟುವ ಅಪರಿಚಿತನು ತೆರುತ್ತಾನೆ.

ಸಸ್ಪೆನ್ಷನ್ ಎಂದರೆ ಕುಳಿತವರ ಸುಖಕ್ಕಾಗಿ ಇರುವ ಏರ್ಪಾಡು ಎಂಬ ಭಾವನೆ ನಮ್ಮಲ್ಲಿದೆ. ಅದರ ಮುಖ್ಯ ಕರ್ತವ್ಯ ಬೇರೆ: ಟೈರನ್ನು ರಸ್ತೆಗೆ ಅಂಟಿಸಿಟ್ಟುಕೊಳ್ಳುವುದು. ಸ್ಪ್ರಿಂಗ್ ಅದುಮಿಕೊಳ್ಳುತ್ತದೆ; ಶಾಕ್ ಅಬ್ಸಾರ್ಬರ್ ಅದರ ಕುಪ್ಪಳಿಕೆಯನ್ನು ಅಡಗಿಸುತ್ತದೆ. ಸ್ಪ್ರಿಂಗನ್ನು ಕತ್ತರಿಸಿದಾಗ ಚಕ್ರಕ್ಕೆ ಮೇಲೆ ಕೆಳಗೆ ಚಲಿಸಲು ಇರುವ ಅವಕಾಶ ಕುಗ್ಗುತ್ತದೆ. ನಾಲ್ವರು ಕುಳಿತ ಕಾರು ರಸ್ತೆಯುಬ್ಬಿನ ಮೇಲೆ ಹೋದಾಗ ಅದು ತಳ ಕಚ್ಚುತ್ತದೆ. ಟೈರು ಕ್ಷಣಕಾಲ ಹಿಡಿತ ಕಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲುವ ದೂರ ಹೆಚ್ಚುತ್ತದೆ.

ಇದೇ ಪಾರ್ಕ್ ರಾಯಲ್‌ನಲ್ಲಿ ಪಾರ್ಕ್ ರಾಯಲ್ ವೆಹಿಕಲ್ಸ್ ಎಂಬ ಕಾರ್ಖಾನೆಯಿತ್ತು. ಲಂಡನ್ನಿನ ಹೆಸರಾಂತ ರೂಟ್‌ಮಾಸ್ಟರ್ ಬಸ್ಸುಗಳ ಒಡಲು ಅಲ್ಲಿಯೇ ತಯಾರಾಯಿತು. 1959ರಲ್ಲಿ ಸೇವೆಗಿಳಿದ ಆ ಬಸ್ಸುಗಳು ಕಾಯಿಲ್ ಸ್ಪ್ರಿಂಗ್‌ಗಳ ಮೇಲೆ 2005ರವರೆಗೆ ಈ ನಗರದ ದೈನಂದಿನ ಮಾರ್ಗಗಳಲ್ಲಿ ಓಡಿದವು. ಅವುಗಳ ಹಿರಿಯಾಯುಷ್ಯದ ಗುಟ್ಟು ತಪಾಸಣೆಯಿಂದ ತಪ್ಪಿಸಿಕೊಳ್ಳುವುದರಲ್ಲಿ ಇರಲಿಲ್ಲ. ಆಲ್ಡನ್‌ಹ್ಯಾಮ್ ಕಾರ್ಯಾಗಾರದಲ್ಲಿ ಬಸ್ಸಿನ ಒಡಲನ್ನೇ ಎತ್ತಿ ಪಕ್ಕಕ್ಕಿಟ್ಟು, ಕೆಳಭಾಗಗಳನ್ನು ಬಿಚ್ಚಿ ದುರಸ್ತಿ ಮಾಡುತ್ತಿದ್ದರು.

ಎಂ.ಒ.ಟಿ. ಅಷ್ಟು ಆಳಕ್ಕೆ ಇಳಿಯುವುದಿಲ್ಲ. 1960ರಲ್ಲಿ ಆರಂಭವಾದಾಗ ಅದು ಹತ್ತು ವರ್ಷ ಮೀರಿದ ವಾಹನಗಳ ಬ್ರೇಕ್, ದೀಪ ಮತ್ತು ಸ್ಟಿಯರಿಂಗ್ ಪರೀಕ್ಷೆಯಾಗಿತ್ತು. ಇಂದು ಮೂರು ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ಕಡ್ಡಾಯ. ಮುರಿದ ಸ್ಪ್ರಿಂಗ್, ಸೋರುವ ಶಾಕ್ ಅಬ್ಸಾರ್ಬರ್, ಅಪಾಯಕಾರಿ ಮಾರ್ಪಾಡುಗಳನ್ನು ಪರೀಕ್ಷಕನು ನೋಡುತ್ತಾನೆ. ಆದರೆ ಆತ ಏನನ್ನೂ ಬಿಚ್ಚಿ ನೋಡುವಂತಿಲ್ಲ. ಆತ ಹೇಳುವುದು ಆ ದಿನದ ಸ್ಥಿತಿಯನ್ನು ಮಾತ್ರ. ಮಧುಮೇಹಿಗಳು ರಕ್ತಪರೀಕ್ಷೆಗೆ ಎರಡು ದಿನ ಮುಂಚೆ ಸಿಹಿ ಬಿಟ್ಟು ಬರುವುದುಂಟು. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸತ್ಯವನ್ನು ಹೊರಗೆಡಹುತ್ತದೆ. ಕಾರಿಗೆ ಅಂತಹ ಪರೀಕ್ಷೆಯಿಲ್ಲ. ಅಲ್ಲಿ ನಮ್ಮ ಪ್ರಾಮಾಣಿಕತೆಯೇ ಆ ಪರೀಕ್ಷೆ.

"ಹುಡುಗರ ಹವ್ಯಾಸ, ಬಿಡಿ" ಎನ್ನುವವರಿದ್ದಾರೆ. ಹವ್ಯಾಸದ ಮೇಲೆ ನನಗೆ ಹಗೆಯಿಲ್ಲ. ಭಾರತದಲ್ಲಿ ನಿರ್ಮಾಪಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿನ ಕಾನೂನು ಉದಾರವಾದುದು. ಕಾರನ್ನು ತಗ್ಗಿಸುವುದೇ ಅಪರಾಧವಲ್ಲ. ಪರಸ್ಪರ ಹೊಂದುವ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ವಿಮಾ ಕಂಪನಿಗೆ ತಿಳಿಸಿದವರೊಡನೆ ನನ್ನ ಜಗಳವಿಲ್ಲ. ಆ ಔದಾರ್ಯವನ್ನು ವಂಚನೆಗೆ ಬಳಸುವವರೊಡನೆ ಜಗಳ. ಚಾಲ್ತಿಯಲ್ಲಿರುವ ಎಂ.ಒ.ಟಿ. ಇದ್ದರೂ ಅಪಾಯಕಾರಿ ಸ್ಥಿತಿಯ ಕಾರನ್ನು ಓಡಿಸಿದರೆ 2,500 ಪೌಂಡ್‌ವರೆಗೆ ದಂಡ, ಮೂರು ಪೆನಾಲ್ಟಿ ಪಾಯಿಂಟ್. ಪರವಾನಗಿ ಪಡೆದು ಎರಡು ವರ್ಷದೊಳಗೆ ಆರು ಪಾಯಿಂಟ್ ಆದರೆ ಮಗನ ಪರವಾನಗಿಯೇ ರದ್ದು. ಮಾರ್ಪಾಡನ್ನು ಮುಚ್ಚಿಟ್ಟಿದ್ದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಪರೀಕ್ಷೆಯ ಗರಿಷ್ಠ ಶುಲ್ಕವಾದರೋ 54.85 ಪೌಂಡ್ ಮಾತ್ರ!

ಪ್ರತಿವರ್ಷ ಆಯುಧಪೂಜೆಯಂದು ನಾವು ಕಾರು ತೊಳೆದು, ಕುಂಕುಮವಿಟ್ಟು, ಟೈರಿನಡಿ ನಿಂಬೆಹಣ್ಣು ಇಡುತ್ತೇವೆ. ಈ ಬಾರಿ ಇನ್ನೊಂದು ಕೆಲಸ ಮಾಡೋಣ. ಸರ್ಕಾರದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ಕಾರಿನ ಎಂ.ಒ.ಟಿ. ಇತಿಹಾಸ ಉಚಿತವಾಗಿ ದೊರೆಯುತ್ತದೆ. ಪರೀಕ್ಷಕನ ಎಚ್ಚರಿಕೆಗಳೂ ಅಲ್ಲಿರುತ್ತವೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿರಿ. ಕಾರಿಗೆ ಏನು ಮಾಡಿಸಿರುವೆ ಎಂದು ಕೇಳಿರಿ. ಮುಂದೆ ನಮ್ಮ ಬಳಗದಲ್ಲಿ ಯಾರಾದರೂ ಗ್ಯಾರೇಜ್ ವಿಚಾರಿಸಿದರೆ, ಸುಲಭವಾಗಿ ಪಾಸ್ ಮಾಡುವವನ ಹೆಸರಲ್ಲ, ತಪ್ಪನ್ನು ತೋರಿಸಿ ಹಿಂದಕ್ಕೆ ಕಳುಹಿಸುವವನ ಹೆಸರನ್ನು ಹೇಳೋಣ. ಅವನೇ ನಮ್ಮ ಮಕ್ಕಳ ಹಿತೈಷಿ.